ಇಡೀ ಮನೆಗೆ ತಿಳಿದ ಗಣಿತ

2023ರ ಜೂನ್ ತಿಂಗಳು. ಸರ್ಕಾರಿ ಪ್ರೌಢಶಾಲೆಯ ಗಣಿತ ಮತ್ತು ವಿಜ್ಞಾನ ಶಿಕ್ಷಕಿಯ ಹುದ್ದೆಯಿಂದ ನಿವೃತ್ತಳಾಗಿ ವರ್ಷವಾಗಿತ್ತು. ಬೈಲಹೊಂಗಲದ ನನ್ನ ಮನೆಯಲ್ಲೇ ಕುಳಿತು ಆನ್‌ಲೈನ್ ಟ್ಯೂಷನ್ ಹೇಳುವ ಕೆಲಸಕ್ಕೆ ಸೇರಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೆ ಪುಕ್ಕಟೆ ಜಾಹೀರಾತು. ಅಲ್ಲಿ ನನ್ನನ್ನು ಶಿಕ್ಷಕಿ ಎಂದು ಕರೆಯಲಿಲ್ಲ, ‘ಲರ್ನಿಂಗ್ ಪಾರ್ಟನರ್’ ಎಂದರು. ಸೇರುವ ಮುಂಚೆ ತರಬೇತಿ ಕೊಟ್ಟರು. ಪೈಥಾಗೊರಸನ ಪ್ರಮೇಯ ಗೊತ್ತೇ ಎಂದು ಒಬ್ಬರೂ ಕೇಳಲಿಲ್ಲ. ಕ್ಯಾಮೆರಾ ನೋಡಿ ಹೇಗೆ ನಗಬೇಕು, ಮಗು ಬಾಯಿ ತೆರೆದಾಗಲೆಲ್ಲ ‘ವಾವ್’, ‘ಸೂಪರ್’ ಎಂದು ಹೇಗೆ ಕೂಗಬೇಕು, ಯಾವ ಗುಂಡಿ ಒತ್ತಿದರೆ ಪರದೆಯ ಮೇಲೆ ಬಲೂನುಗಳು ಹಾರುತ್ತವೆ ಎಂಬುದನ್ನು ಕಲಿಸಿದರು. ತಪ್ಪು ಮಾಡಿದವರಿಗೆ ‘ತಪ್ಪು’ ಎಂದು ಹೇಳಬಾರದಂತೆ, ‘ಆಲ್ಮೋಸ್ಟ್ ದೇರ್’ ಎನ್ನಬೇಕಂತೆ. ಐದನ್ನು ಐದರಿಂದ ಗುಣಿಸಿ ಹತ್ತು ಎಂದವನು ಎಲ್ಲಿಗೆ ಹತ್ತಿರ ಬಂದಿದ್ದಾನೆ ಎಂದು ಕೇಳಿದೆ. ತರಬೇತಿ ಕೊಡುತ್ತಿದ್ದ ಹುಡುಗಿ ನಕ್ಕು ಮುಂದಿನ ಸ್ಲೈಡಿಗೆ ಹೋದಳು.

ಕೆಲಸದಲ್ಲಿ ಒಳ್ಳೆಯದೇನೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪೆನ್ ಟ್ಯಾಬ್ಲೆಟ್ ಎಂಬ ಪಾಟಿಯಂಥ ಹಲಗೆಯ ಮೇಲೆ ನಾನು ಬೈಲಹೊಂಗಲದಲ್ಲಿ ಗೆರೆ ಎಳೆದರೆ ರಾಮದುರ್ಗದ ಹುಡುಗನಿಗೂ ಕಿತ್ತೂರಿನ ಹುಡುಗಿಗೂ ಅದೇ ಕ್ಷಣದಲ್ಲಿ ಕಾಣುತ್ತಿತ್ತು. ತರಗತಿಯಲ್ಲಿ ಜನ್ಮದಲ್ಲಿ ಕೈ ಎತ್ತದ ಮಕ್ಕಳು ಇಲ್ಲಿ ಮೆಲ್ಲಗೆ ಪ್ರಶ್ನೆ ಟೈಪ್ ಮಾಡುತ್ತಿದ್ದರು. ಬೆಳಕಿನ ವಕ್ರೀಭವನ ಹೇಳುವಾಗ ದೇಗಾಂವದ ಒಬ್ಬ ಹುಡುಗಿ ಅಡುಗೆಮನೆಗೆ ಓಡಿ, ಲೋಟದ ನೀರಿನಲ್ಲಿ ಚಮಚ ಇಟ್ಟು ಕ್ಯಾಮೆರಾಕ್ಕೆ ಹಿಡಿದು, ‘ಮುರದಂಗ ಕಾಣ್ತೈತ್ರಿ ಅಕ್ಕಾರ!’ ಎಂದು ಕಿರುಚಿದ್ದಳು. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕಾರು ಎನ್ನುತ್ತಾರೆ. ಆ ದಿನ ನನಗೆ ಹೊಟ್ಟೆತುಂಬ ಉಂಡಷ್ಟು ಸಂತೋಷವಾಯಿತು.

ಆದರೆ ಆ ಪರದೆಯ ಆಚೆ ಮಗು ಒಂದೇ ಇರುವುದಿಲ್ಲ. ಕುಕ್ಕರಿನ ಸೀಟಿ, ಎಮ್ಮೆಯ ಕೂಗು, ನೆಟ್‌ವರ್ಕ್ ಹೋಗಿ ಬಾಯಿ ತೆರೆದುಕೊಂಡೇ ನಿಂತುಹೋಗುವ ಮುಖಗಳು, ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಕ್ಯಾಮೆರಾದ ಹಿಂದೆ ಕುಳಿತ ಮನೆಮಂದಿ. ನನ್ನ ನೌಕರಿಯ ಕಾಲದಲ್ಲಿ ಪರೀಕ್ಷೆಯ ದಿನ ಶಾಲೆಯ ಕಂಪೌಂಡು ಹತ್ತಿ ಕಿಟಕಿಯೊಳಗೆ ಚೀಟಿ ಒಗೆಯುವ ಕಾಕಾ, ಮಾವಂದಿರನ್ನು ಅಟ್ಟಿಸಿಕೊಂಡು ಹೋಗಿದ್ದೇನೆ. ಆಗ ಅವರು ಬಿಸಿಲಲ್ಲಿ ಬೆವರು ಸುರಿಸಿ ಗೋಡೆಯನ್ನಾದರೂ ಹತ್ತುತ್ತಿದ್ದರು. ಈಗ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಲೇ ಆ ಕೆಲಸ ಮಾಡುತ್ತಾರೆ. ಪ್ರಗತಿ ಎಂದರೆ ಇದೇ ಇರಬೇಕು.

ಅಂಥ ಮನೆಗಳಲ್ಲಿ ನಾನು ಮರೆಯಲಾರದ್ದು ಸವದತ್ತಿ ತಾಲ್ಲೂಕಿನ ಮನೋಳಿಯ ಒಂದು ಮನೆ. ಹೊಳೆದಂಡೆಯ ಹೊಲ, ದೊಡ್ಡ ಪಡಸಾಲೆ, ತುಂಬಿದ ಸಂಸಾರ. ವಿದ್ಯಾರ್ಥಿನಿ ಭಾಗ್ಯಶ್ರೀ, ಹತ್ತನೇ ತರಗತಿ. ಮನೆಯ ಹಿರಿಯರು ಅವಳ ಅಜ್ಜ ಶಿವಲಿಂಗಪ್ಪನವರು. ಅವಳ ಓದಿನ ಉಸ್ತುವಾರಿ ಕಾಕಾ ಮಹಾಂತೇಶನದು. ಅವನು ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿದವನು, ಅದನ್ನು ಊರಲ್ಲಿ ಯಾರೂ ಮರೆಯದಂತೆ ನೋಡಿಕೊಂಡವನು. ಮೊದಲ ದಿನವೇ ನನಗೆ, ‘ನಾನೂ ಮ್ಯಾಥ್ಸಿನ್ಯಾಗ ಸ್ಟ್ರಾಂಗ್ ಅದೀನ್ರಿ ಅಕ್ಕಾರ. ನೀವು ಬರೇ ಟಚ್ ಕೊಡ್ರಿ ಸಾಕು,’ ಎಂದ. ಅವನಿಗೆ ಟಚ್ ಕೊಡಬೇಕೆಂದು ನನಗೂ ಅನ್ನಿಸಿತು.

ಈ ಮನೆಯವರು ಮಾಡಿದ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಫೋನಿನಲ್ಲಿ ನಡೆಯಬೇಕಾದ ಪಾಠವನ್ನು ಪಡಸಾಲೆಯ ದೊಡ್ಡ ಟಿ.ವಿ.ಗೆ ಜೋಡಿಸಿದ್ದರು. ಗುರುಗಳು ಮನೆಗೆ ಬಂದಾಗ ಮೂಲೆಯಲ್ಲಿ ಕೂರಿಸುವುದು ಮರ್ಯಾದೆಯಲ್ಲ, ಪಡಸಾಲೆಯಲ್ಲಿ ಎಲ್ಲರ ಎದುರು ಕೂರಿಸಬೇಕು ಎಂಬುದು ಅಜ್ಜನವರ ತೀರ್ಮಾನ. ಸಂಜೆ ಆರಕ್ಕೆ ಪಾಠ ಶುರುವಾಗುವ ಹೊತ್ತಿಗೆ ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು ಮನೆಮಂದಿಯೆಲ್ಲ ಬಂದು ಕೂರುತ್ತಿದ್ದರು. ಊರಿಗೆ ಬಂದ ಬೀಗರೂ ಕೂರುತ್ತಿದ್ದರು. ಹುಡುಗಿಗೆ ತಲೆ ಬಾಚಿ, ಹೂ ಮುಡಿಸಿ, ಎಲ್ಲರಿಗಿಂತ ಮುಂದೆ ಕೂರಿಸುತ್ತಿದ್ದರು. ಒಮ್ಮೆ ನಾನು ತ್ರಿಕೋನಮಿತಿ ಬರೆಯುತ್ತಿದ್ದಾಗ ಯಾರೋ ಟಿ.ವಿ.ಗೆ ಊದಿನಕಡ್ಡಿ ಬೆಳಗಿದರು. ಹೊಗೆ ಕ್ಯಾಮೆರಾಕ್ಕೂ ಕಂಡಿತು. ಅಯ್ಯ ಶಿವನೇ, ಜೀವಂತ ಇರುವಾಗಲೇ ನನ್ನ ಫೋಟೋಕ್ಕೆ ಪೂಜೆ!

ಆ ಮನೆಯಲ್ಲಿ ಇನ್ನೊಂದು ಕಟ್ಟುನಿಟ್ಟೂ ಇತ್ತು, ಅದು ನನಗೆ ತಡವಾಗಿ ಗೊತ್ತಾಯಿತು. ಗುರುಗಳು ‘ತಿಳಿಯಿತೇ’ ಎಂದು ಕೇಳಿದಾಗ ‘ತಿಳಿಯಲಿಲ್ಲ’ ಎಂದರೆ ಗುರುಗಳಿಗೆ ಕಲಿಸಲು ಬರುವುದಿಲ್ಲ ಎಂದು ಹೇಳಿದಂತೆ, ಅದು ಅಪಮಾನ. ಹಾಗಾಗಿ ನಾನು ‘ತಿಳೀತೇನು?’ ಎನ್ನುವುದೇ ತಡ, ಇಡೀ ಪಡಸಾಲೆ ಒಂದೇ ಬಾಯಿಯಿಂದ ‘ತಿಳೀತ್ರಿ ಅಕ್ಕಾರ!’ ಎನ್ನುತ್ತಿತ್ತು. ಅಜ್ಜಿ, ಬೀಗರು, ಹಾಲು ಹಾಕಲು ಬಂದವರು, ಎಲ್ಲರಿಗೂ ವರ್ಗಸಮೀಕರಣ ತಿಳಿಯುತ್ತಿತ್ತು. ಹುಡುಗಿಯ ದನಿ ಮಾತ್ರ ಆ ಗದ್ದಲದಲ್ಲಿ ಎಲ್ಲಿತ್ತೋ ನನಗೆ ಕೇಳಿಸಿದ್ದೇ ಇಲ್ಲ.

ಆದರೂ ಅವಳ ಉತ್ತರಗಳೆಲ್ಲ ಸರಿ. ಆ್ಯಪಿನ ಪರೀಕ್ಷೆಗಳೆಂದರೆ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತುವುದು. ಪ್ರತಿ ಸಲವೂ ನೂರಕ್ಕೆ ನೂರು. ಉತ್ತರ ಹೇಳುವ ಮುಂಚೆ ಅವಳ ಕಣ್ಣು ಎಡಕ್ಕೆ ಹೊರಳುವುದನ್ನು ನಾನು ಮೊದಲ ವಾರದಲ್ಲೇ ಗಮನಿಸಿದ್ದೆ. ಕಂಪನಿಯ ಮ್ಯಾನೇಜರನಿಗೆ ಹೇಳಿದೆ. ಅವನು ಉತ್ತರವಾಗಿ ಹೆಬ್ಬೆರಳಿನ ಚಿತ್ರ ಕಳಿಸಿದ. ಅಷ್ಟು ದೊಡ್ಡ ಕಂಪನಿಯ ಒಟ್ಟು ಆಲೋಚನೆ ಒಂದು ಹೆಬ್ಬೆರಳಿನಲ್ಲಿ ಮುಗಿಯಿತು.

ಸೆಪ್ಟೆಂಬರ್‌ನ ಒಂದು ಸಂಜೆ ಪಾಠದ ನಡುವೆ ಮನೋಳಿಯಲ್ಲಿ ಕರೆಂಟ್ ಹೋಯಿತು. ಟಿ.ವಿ. ಸತ್ತಿತು, ಮನೆಯ ವೈಫೈ ಸತ್ತಿತು. ನೆಟ್‌ವರ್ಕ್ ಸಿಗಲೆಂದು ಭಾಗ್ಯಶ್ರೀ ಫೋನು ಹಿಡಿದು ಮಾಳಿಗೆ ಹತ್ತಿದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಹಿಂದೆ ಗೋಡೆ ಇರಲಿಲ್ಲ, ಜನ ಇರಲಿಲ್ಲ. ಒಣಹಾಕಿದ ಮೆಣಸಿನಕಾಯಿ, ಆಕಾಶ, ಅಷ್ಟೇ.

‘ಒಬ್ಬಾಕೀನ ಅದೀಯೇನು?’ ಎಂದು ಕೇಳಿದೆ.

‘ಹೌದ್ರಿ.’

‘ಹಂಗಾದ್ರ ಖರೇ ಹೇಳು. ಈಗ ಹೇಳಿದ ಉತ್ತರ ಹೆಂಗ ಬಂತು?’

ಅವಳು ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ‘ಕಾಕಾ ನಾಕ ಬೆರಳ ತೋರಿಸಿದ್ರಿ. ಅವರ ಕಡೆ ಇನ್ನೊಂದ ಫೋನ್ ಐತ್ರಿ. ಪ್ರಶ್ನೆದ ಫೋಟೋ ಹೊಡದ್ರ ಅದರಾಗ ಉತ್ತರ ಬರತೈತಿ.’

‘ನಿನಗ ಎಲ್ಲಿತನಕ ತಿಳದೈತಿ?’

‘ಭಿನ್ನರಾಶೀನ ತಿಳದಿಲ್ರಿ ಅಕ್ಕಾರ. ಕೊರೋನಾದಾಗ ಸಾಲಿ ಬಂದ್ ಇತ್ತಲ್ರಿ, ಅವಾಗಿಂದ ಏನೂ ತಿಳದಿಲ್ಲ.’

‘ಮತ್ತ ದಿನಾ ತಿಳೀತ್ರಿ, ತಿಳೀತ್ರಿ ಅಂತ ಯಾಕ ಒದರಾಕ ಹತ್ತಿದ್ದಿ?’

‘ತಿಳೀಲಿಲ್ಲ ಅಂದ್ರ ನಿಮಗ ಅವಮಾನ ಮಾಡಿದಂಗ ಅಂತ ಅಜ್ಜ ಹೇಳ್ಯಾರ್ರಿ,’ ಎಂದವಳೇ ಅಳತೊಡಗಿದಳು. ಅಳುತ್ತಲೇ ಉಳಿದದ್ದನ್ನೂ ಹೇಳಿದಳು. ಅವಳಿಗೆ ದನದ ಡಾಕ್ಟರ್ ಆಗುವ ಆಸೆ. ಹಟ್ಟಿಯಲ್ಲಿ ಕರು ಹಾಕಿಸುವ ಡಾಕ್ಟರನ್ನು ನೋಡಿದ ಮೇಲೆ ಹುಟ್ಟಿದ ಆಸೆ. ಆದರೆ ಹತ್ತನೇ ತರಗತಿ ಫೇಲಾದರೆ ಆ ಮನೆಯಲ್ಲಿ ಎರಡನೇ ಅವಕಾಶವಿಲ್ಲ. ಅವಳ ಅಕ್ಕನನ್ನು ಹಾಗೆಯೇ ಶಾಲೆ ಬಿಡಿಸಿದ್ದರು. ‘ಇಷ್ಟೆಲ್ಲಾ ಮಾಡಿದ್ರೂ ಬರಲಿಲ್ಲಂದ್ರ ತಲ್ಯಾಗ ಇಲ್ಲ, ಸಾಲಿ ಸಾಕು ಅಂತಾರ್ರಿ.’

ನನ್ನ ಮೈಯೆಲ್ಲ ಉರಿದುಹೋಯಿತು. ಊದಿನಕಡ್ಡಿ ಬೆಳಗುವ ಕೈಗಳಿಗೆ ಆ ಹುಡುಗಿಯ ಒಂದು ಲೆಕ್ಕ ತಿದ್ದಿ ನೋಡುವ ಪುರುಸೊತ್ತಿರಲಿಲ್ಲ. ತಾವೇ ಬೆರಳು ತೋರಿಸಿ ಅವಳನ್ನು ದಡ್ಡಿ ಮಾಡಿ, ಕೊನೆಗೆ ತಲೆಯಲ್ಲಿ ಇಲ್ಲ ಎಂದು ತಾವೇ ತೀರ್ಪು ಕೊಡುವವರು! ನಾನು ಅಜ್ಜನವರಿಗೆ ಫೋನ್ ಮಾಡಿದೆ. ಹುಡುಗಿಯ ಗುಟ್ಟು ಬಿಟ್ಟುಕೊಡದೆ, ಟಿ.ವಿ. ಬಂದ್ ಮಾಡಿ ಅವಳೊಬ್ಬಳನ್ನೇ ಮಾಳಿಗೆಯ ಮೇಲೆ ಕೂರಿಸಿ ಎಂದು ಕೇಳಿಕೊಂಡೆ. ‘ಛೇ ಛೇ, ಏನಂತ ಮಾತಾಡ್ತೀರಿ ಅಕ್ಕಾರ! ನಿಮ್ಮನ್ನ ಮಾಳಿಗಿ ಮ್ಯಾಲ ಮೆಣಸಿನಕಾಯಿ ಸಂಗಾಟ ಕುಂದ್ರಸೂದೇನ್ರಿ? ನಮ್ಮ ಮನಿ ಮರ್ಯಾದಿ ಏನಾಗಬೇಕು?’ ಎಂದರು. ಮನುಷ್ಯ ಕೆಟ್ಟವರಲ್ಲ. ಆದರೆ ಆ ಮರ್ಯಾದೆಯಿಂದ ಯಾರಿಗೆ ಏನು ಬಂತು ಎಂದು ಕೇಳುವವರು ಆ ಮನೆಯಲ್ಲಿ ಇರಲಿಲ್ಲ.

ಮ್ಯಾನೇಜರನಿಗೆ ಮತ್ತೆ ಫೋನ್ ಮಾಡಿದೆ. ಯಾವ ಊರಿನಲ್ಲಿ ಕುಳಿತಿದ್ದನೋ, ದನಿ ಮಾತ್ರ ಬೆಣ್ಣೆ. ‘ಮೇಡಂ, ಪೇರೆಂಟ್ಸ್ ಹ್ಯಾಪಿ ಇದ್ದಾರೆ. ಆ್ಯಪ್‌ನಲ್ಲಿ ಹಂಡ್ರೆಡ್ ತೋರಿಸ್ತಿದೆ. ಪ್ರಾಬ್ಲಮ್ ಎಲ್ಲಿದೆ?’

‘ಹುಡುಗಿಗೆ ಗಣಿತ ಬರುವುದಿಲ್ಲ. ಅದೇ ಪ್ರಾಬ್ಲಮ್.’

‘ಅದನ್ನ ನೆಕ್ಸ್ಟ್ ಇಯರ್ ಪ್ಯಾಕೇಜ್‌ನಲ್ಲಿ ನೋಡೋಣ ಮೇಡಂ.’

ಅಂಗೈಯಲ್ಲಿ ಸ್ವರ್ಗ ತೋರಿಸುವವರ ಬಗ್ಗೆ ಕೇಳಿದ್ದೆ. ಇವರು ಅದನ್ನು ಕಂತಿನಲ್ಲಿ ತೋರಿಸುತ್ತಾರೆ ಎಂದು ಅಂದು ಗೊತ್ತಾಯಿತು.

ಮರುದಿನದಿಂದ ನಾನು ಬೇರೆ ದಾರಿ ಹಿಡಿದೆ. ಭಾಗ್ಯಶ್ರೀಯ ತಾಯಿಯನ್ನು ಗುಟ್ಟಾಗಿ ಒಪ್ಪಿಸಿದೆ. ಅವರು ಬೆಳಿಗ್ಗೆ ಬಟ್ಟೆ ಒಣಹಾಕಲು ಮಾಳಿಗೆ ಹತ್ತುವಾಗ ಮಗಳನ್ನೂ ತನ್ನ ಫೋನನ್ನೂ ಜೊತೆಗೆ ಒಯ್ಯುತ್ತಿದ್ದರು. ವಿಡಿಯೋ ಇಲ್ಲ, ಬಲೂನು ಇಲ್ಲ, ಬರೀ ಮಾತು. ಐದನೇ ತರಗತಿಯಿಂದ ಶುರು ಮಾಡಿದೆ. ರೊಟ್ಟಿ ತಗೊಂಡು ಅರ್ಧ ಮಾಡು, ಇನ್ನೊಂದನ್ನು ಮೂರು ಸಮಪಾಲು ಮಾಡು. ಅರ್ಧವನ್ನೂ ಮೂರನೇ ಒಂದನ್ನೂ ಹಾಗೇ ಕೂಡಿಸಲು ಬರುವುದಿಲ್ಲ, ಚೂರುಗಳ ಅಳತೆ ಬೇರೆ. ಎರಡನ್ನೂ ಒಂದೇ ಅಳತೆಯ ಚೂರು ಮಾಡಿಕೋ. ಅರ್ಧ ಎಂದರೆ ಆರರಲ್ಲಿ ಮೂರು ಚೂರು, ಮೂರನೇ ಒಂದು ಎಂದರೆ ಆರರಲ್ಲಿ ಎರಡು ಚೂರು. ಕೂಡಿಸಿದರೆ ಆರರಲ್ಲಿ ಐದು. ಅವಳು ಚೂರುಗಳನ್ನು ಗಟ್ಟಿಯಾಗಿ ಎಣಿಸಿ, ‘ಇಷ್ಟ ಏನ್ರಿ?’ ಎಂದಳು. ಅವಳ ತಾಯಿ ಹಿಂದಿನಿಂದ, ‘ನನಗೂ ಈಗ ತಿಳೀತ್ ನೋಡ್ರಿ,’ ಎಂದು ನಕ್ಕದ್ದು ಕೇಳಿಸಿತು. ಆ ಮನೆಯಿಂದ ನಾನು ಕೇಳಿದ ಮೊದಲ ಪ್ರಾಮಾಣಿಕ ‘ತಿಳೀತು’ ಅದು. ಸಂಜೆ ಮಾತ್ರ ಪಡಸಾಲೆಯ ನಾಟಕ ಎಂದಿನಂತೆ ನಡೆಯುತ್ತಿತ್ತು.

ಆದರೆ ತಳಪಾಯ ಹಾಕಲು ಸಮಯ ಬೇಕು. ಡಿಸೆಂಬರ್‌ನಲ್ಲಿ ಶಾಲೆ ಒಂದು ಪೂರ್ವಸಿದ್ಧತಾ ಪರೀಕ್ಷೆ ನಡೆಸಿತು. ಭಾಗ್ಯಶ್ರೀಗೆ ಗಣಿತದಲ್ಲಿ ಎಂಬತ್ತಕ್ಕೆ ಹನ್ನೊಂದು. ಮನೆಯಲ್ಲಿ ಗದ್ದಲವೆದ್ದಿತು. ಮಹಾಂತೇಶ ಅದಕ್ಕೆ ಕಾರಣವನ್ನೂ ಕಂಡುಹಿಡಿದ: ಆ್ಯಪಿನಲ್ಲಿ ನೂರು ಬಂದಿದೆ, ಆ್ಯಪು ಕಂಪ್ಯೂಟರು, ಕಂಪ್ಯೂಟರು ತಪ್ಪು ಮಾಡುವುದಿಲ್ಲ, ಆದ್ದರಿಂದ ಶಾಲೆಯ ಮಾಸ್ತರರೇ ತಪ್ಪಾಗಿ ತಿದ್ದಿದ್ದಾರೆ. ಬೆಳಗಿನ ಫೋನಿನಲ್ಲಿ ಭಾಗ್ಯಶ್ರೀ, ‘ಅಕ್ಕಾರ, ಪರೀಕ್ಷಾ ಬರಿಯೂದ ಬ್ಯಾಡ್ರಿ. ಈಗ ಮಾಸ್ತರ ತಪ್ಪಂತಾರ, ಮಾರ್ಚಿನ್ಯಾಗ ನನ್ನ ತಲ್ಯಾಗ ಇಲ್ಲಂತಾರ,’ ಎಂದಳು. ಅದೇ ವಾರ ಕಂಪನಿಯಿಂದ ಸಂದೇಶ ಬಂತು. ಈ ಹುಡುಗಿಯನ್ನು ‘ಯಶೋಗಾಥೆ’ ಎಂದು ವಿಡಿಯೋ ಮಾಡುತ್ತಾರಂತೆ, ಗುಣಮಟ್ಟ ಪರೀಕ್ಷಿಸುವ ಒಬ್ಬರು ಮುಂದಿನ ಪಾಠಕ್ಕೆ ಕೂರುತ್ತಾರಂತೆ. ಭೇಷ್, ಎಲ್ಲರೂ ಒಂದೇ ಕಡೆ ಸಿಗುತ್ತಾರೆ ಎಂದುಕೊಂಡೆ.

ಆ ಸಂಜೆ ಪಡಸಾಲೆಯಲ್ಲಿ ಎಂದಿಗಿಂತ ಹೆಚ್ಚು ಜನ. ವಿಡಿಯೋ ಆಗುತ್ತದೆಂದು ಮಹಾಂತೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಸಲ ಕ್ಯಾಮೆರಾದ ಮುಂದೆಯೇ ಕುಳಿತಿದ್ದ. ಪರದೆಯ ಮೂಲೆಯಲ್ಲಿ ಗುಣಮಟ್ಟದ ಅಧಿಕಾರಿಯ ಚೌಕ. ನಾನು ಎಲ್ಲರಿಗೂ ನಮಸ್ಕಾರ ಹೇಳಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಅರ್ಧ ಕೂಡಿಸು ಮೂರನೇ ಒಂದು. ಮೇಲಿನ ಒಂದಕ್ಕೆ ಒಂದು ಕೂಡಿಸಿ ಎರಡು, ಕೆಳಗಿನ ಎರಡಕ್ಕೆ ಮೂರು ಕೂಡಿಸಿ ಐದು. ಉತ್ತರ ಐದನೇ ಎರಡು. ಹುಡುಗಿಗೆ ನಾನು ಮೊದಲೇ ಏನೂ ಹೇಳಿರಲಿಲ್ಲ.

‘ತಿಳೀತೇನು?’

‘ತಿಳೀತ್ರಿ ಅಕ್ಕಾರ!’ ಪಡಸಾಲೆ ಗುಡುಗಿತು.

‘ಮಹಾಂತೇಶ, ನೀವು ಎಂಜಿನಿಯರ್ರು. ಸರಿ ಐತೇನ್ರಿ?’

‘ಕರೆಕ್ಟ್ ಐತ್ರಿ. ಮ್ಯಾಲಿಂದಕ್ಕ ಮ್ಯಾಲಿಂದು, ಕೆಳಗಿಂದಕ್ಕ ಕೆಳಗಿಂದು ಕೂಡಸ್ಬೇಕು. ಸಿಂಪಲ್,’ ಎಂದು ಸುತ್ತಲಿದ್ದವರ ಮುಖ ನೋಡಿದ.

ಮೂಲೆಯ ಚೌಕದಿಂದ ಒಂದು ಬಲೂನು ಹಾರಿತು. ಗುಣಮಟ್ಟದ ಅಧಿಕಾರಿಗೂ ತಿಳಿಯಿತು!

ನಾನು ಭಾಗ್ಯಶ್ರೀಯನ್ನೇ ನೋಡುತ್ತಿದ್ದೆ. ಅವಳ ಕಣ್ಣು ಎಡಕ್ಕೆ ಹೋಗಲಿಲ್ಲ. ಬೋರ್ಡಿನ ಮೇಲೆಯೇ ನೆಟ್ಟಿತ್ತು. ತುಟಿ ಅಲುಗಿತು, ನಿಂತಿತು. ಈ ಮಗು ಈಗ ಬಾಯಿ ಬಿಡದಿದ್ದರೆ ಮಾರ್ಚಿನಲ್ಲಿ ಕಾಗದದ ಮೇಲೂ ಕೈ ಓಡುವುದಿಲ್ಲ ಎಂದು ನನಗೆ ಗೊತ್ತಿತ್ತು.

‘ತಪ್ಪೈತ್ರಿ ಅಕ್ಕಾರ,’ ಎಂದಳು.

‘ಏ, ತಲಿ ಕೆಟ್ಟೈತೇನ? ಗುರುಗಳಿಗೆ ಎದುರ ಮಾತಾಡ್ತೀ?’ ಎಂದು ಅಜ್ಜನವರು ಗದರಿದರು.

‘ಅಕೀಗೆ ಬಿಡ್ರಿ ಅಜ್ಜಾರ,’ ಎಂದೆ. ‘ಯಾಕ ತಪ್ಪು, ಹೇಳವ್ವಾ.’

‘ಅರ್ಧ ರೊಟ್ಟಿ ಮೊದಲ ಐತ್ರಿ. ಅದಕ್ಕ ಇನ್ನಷ್ಟು ಕೂಡಸ್ತೇವಿ. ಐದರಾಗ ಎರಡಂದ್ರ ಅರ್ಧಕ್ಕಿಂತ ಕಡಿಮಿ ಆತಲ್ರಿ. ಕೂಡಿಸಿದ ಮ್ಯಾಲ ಕಡಿಮಿ ಹೆಂಗ ಆಗತೈತಿ? ಆರರಾಗ ಐದ ಬರಬೇಕ್ರಿ.’

ಅಜ್ಜನವರು ನನ್ನ ಕಡೆ ತಿರುಗಿದರು. ‘ಹೌದೇನ್ರಿ ಅಕ್ಕಾರ? ತಪ್ಪ ಬರದ್ರೇನು?’

‘ಬೇಕಂತನ ಬರದೀನ್ರಿ. ಇಡೀ ಮನಿ ಹೌದಂತು. ಎಂಜಿನಿಯರ್ರೂ ಹೌದಂದ್ರು. ತಪ್ಪು ಅಂದಾಕಿ ಇಕೀ ಒಬ್ಬಾಕಿ. ಇಕೀ ತಲ್ಯಾಗ ಏನೈತಿ ಅಂತ ಈಗರ ನೋಡಿದ್ರಿಲ್ಲ?’

ಮಹಾಂತೇಶ ಎದ್ದು ಹೋದ. ಅಜ್ಜನವರು ಬಹಳ ಹೊತ್ತು ಬೋರ್ಡನ್ನೇ ನೋಡಿ, ಬೆರಳು ಮಡಚಿ ಏನೋ ಲೆಕ್ಕ ಹಾಕಿ, ಆಮೇಲೆ ತಾವೇ ಎದ್ದು ಟಿ.ವಿ. ಬಂದ್ ಮಾಡಿದರು.

ಎರಡು ದಿನಕ್ಕೆ ಕಂಪನಿಯಿಂದ ಎರಡು ಪತ್ರ ಬಂದವು. ಮೊದಲನೆಯದರಲ್ಲಿ ಗುಣಮಟ್ಟದ ಅಧಿಕಾರಿ, ‘ಕುಟುಂಬದ ಭಾಗವಹಿಸುವಿಕೆ ಅತ್ಯುತ್ತಮ, ಶಿಕ್ಷಕಿಯ ಉತ್ಸಾಹ ಮೆಚ್ಚುವಂಥದ್ದು’ ಎಂದು ಹೊಗಳಿದ್ದರು. ಎರಡನೆಯದರಲ್ಲಿ, ತಪ್ಪು ಗಣಿತ ಕಲಿಸಿದ್ದಾರೆಂದು ಪೋಷಕರಿಂದ ದೂರು ಬಂದದ್ದರಿಂದ ನನ್ನನ್ನು ತೆಗೆದುಹಾಕಿದ್ದೇವೆ ಎಂದಿತ್ತು. ದೂರು ಕೊಟ್ಟವನು ಯಾರೆಂದು ಹೇಳಬೇಕಿಲ್ಲ. ಒಂದು ಪತ್ರ ಬರೆದವರು ಇನ್ನೊಂದನ್ನು ಓದಿರಲಿಲ್ಲ, ಇಬ್ಬರೂ ಪಾಠವನ್ನಂತೂ ಕೇಳಿರಲಿಲ್ಲ. ಅಂಥವರ ಕಂಪನಿಯ ಕೆಲಸ ಹೋದದ್ದಕ್ಕೆ ನನಗೆ ಒಂದು ಹನಿ ಬೇಸರವಾಗಲಿಲ್ಲ.

ಬೆಳಗಿನ ಫೋನು ನಿಲ್ಲಲಿಲ್ಲ. ಮೊಮ್ಮಗಳು ಓದುವಾಗ ಮಾಳಿಗೆಗೆ ಯಾರೂ ಹತ್ತಬಾರದು ಎಂದು ಈಗ ಅಜ್ಜನವರದೇ ಅಪ್ಪಣೆ. ಆ ಮನೆಯಲ್ಲಿ ಬುದ್ಧಿಯೂ ಅಪ್ಪಣೆಯ ಮೂಲಕವೇ ಬರಬೇಕು. ಮೂರು ತಿಂಗಳಲ್ಲಿ ನಾಲ್ಕು ವರ್ಷದ ಗಣಿತ ತುಂಬಲು ಆಗಲಿಲ್ಲ. ಆಗುವಷ್ಟನ್ನು ಆರಿಸಿಕೊಂಡೆವು, ಕೆಲವು ಅಧ್ಯಾಯಗಳನ್ನು ಕೈಬಿಟ್ಟೆವು. ಇದು ಹೋಗಲಿ, ಅದನ್ನು ಬಿಡುವುದಿಲ್ಲ ಎಂದು ಅವಳೇ ನಿರ್ಧರಿಸುತ್ತಿದ್ದಳು. ಮಾರ್ಚಿನಲ್ಲಿ ಪರೀಕ್ಷೆ ಬರೆದಳು.

ಈಗ ನಾನು ಯಾವ ಕಂಪನಿಯ ಹಂಗೂ ಇಲ್ಲದೆ ನಾಲ್ಕಾರು ಮಕ್ಕಳಿಗೆ ಪಾಠ ಹೇಳುತ್ತೇನೆ. ತಿಳಿಯದ ಒಂದು ಸಂಗತಿಯನ್ನಾದರೂ ಹೇಳದೆ ಯಾರೂ ಪಾಠ ಮುಗಿಸುವ ಹಾಗಿಲ್ಲ. ಇಷ್ಟು ವರ್ಷ ಸೀಮೆಸುಣ್ಣ ಹಿಡಿದರೂ ಕಲಿಯದ್ದನ್ನು ನನಗೆ ಆ ಪಡಸಾಲೆ ಕಲಿಸಿತು. ಮಗುವಿಗೆ ಉತ್ತರ ಕೊಡುವವರು ಬೇಕಾದಷ್ಟಿದ್ದಾರೆ. ಅದು ತಾನೇ ತಪ್ಪು ಮಾಡಲು ಬಿಡುವವರು ಮನೆಯಲ್ಲೂ ಇಲ್ಲ, ಆ್ಯಪಿನಲ್ಲೂ ಇಲ್ಲ. ಶಿಕ್ಷಕಿಯ ಕೆಲಸ ಮಗು ತಪ್ಪು ಮಾಡಬಲ್ಲ ಆ ಜಾಗ ಕಾಯುವುದು, ಬೆರಳು ತೋರಿಸುವವರನ್ನು ಆಚೆ ಅಟ್ಟುವುದು.

ಮೇ ತಿಂಗಳಲ್ಲಿ ಫಲಿತಾಂಶ ಬಂದ ದಿನ ಭಾಗ್ಯಶ್ರೀ ಫೋನ್ ಮಾಡಿದಳು. ಎಲ್ಲ ವಿಷಯಗಳಲ್ಲೂ ಪಾಸಾಗಿದ್ದಳು. ಗಣಿತದಲ್ಲಿ ಎಂಬತ್ತಕ್ಕೆ ಮೂವತ್ತಾರು. ಸವದತ್ತಿಯ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿಸಲು ಅಜ್ಜ ಒಪ್ಪಿದ್ದರಂತೆ, ಆದರೆ ಪೇಡೆ ಹಂಚುವುದಿಲ್ಲ ಎಂದಿದ್ದರಂತೆ. ಮೂವತ್ತಾರಕ್ಕೆ ಪೇಡೆ ಹಂಚಿದರೆ ಊರು ನಗುತ್ತದಂತೆ.

‘ನಿಮ್ಮ ಕಾಕಾ ಏನಂದ?’ ಎಂದು ಕೇಳಿದೆ.

‘ಆ್ಯಪಿನ್ಯಾಗ ನೂರ ಬಂದಿದ್ದುವು, ಇಲ್ಲಿ ಬರೇ ಮೂವತ್ತಾರ ಬಂದಾವ ಅಂತ ಎಲ್ಲಾರ ಮುಂದ ಅಂದ್ರಿ.’

‘ನೀ ಸುಮ್ನ ಕುಂತಿಯೇನು?’

‘ಇಲ್ರಿ ಅಕ್ಕಾರ. ಆ ನೂರ ನಿಮ್ಮೂವು ಕಾಕಾ, ಈ ಮೂವತ್ತಾರ ನನ್ನೂವು ಅಂದೆ.’